ಬಾಗಿಲಲ್ಲಿ ಕೇಳುವ ಮಾತು

"ಗುರುಗಳೇ, ಒಂದು ಕೆಲಸ ಒಪ್ಪಿಕೊಂಡ ಮೇಲೆ ಮೊದಲು ಯಾರ ಮಾತು ಕೇಳಬೇಕು?" ಎಂದು ಶಿಷ್ಯೆ ಕೇಳಿದಳು.

ಅವಳು ವಿನ್ಯಾಸದ ವಿದ್ಯೆ ಕಲಿಯಲು ಗುರುಗಳ ಬಳಿ ಬಂದವಳು. ಕೈಯಲ್ಲಿ ಹಿಡಿಯುವ ವಸ್ತು ಹೇಗಿರಬೇಕು, ಜನ ಬಂದು ಹೋಗುವ ಜಾಗ ಹೇಗೆ ನಡೆಯಬೇಕು ಎಂದು ಯೋಚಿಸಿ ರೂಪಿಸುವ ಕೆಲಸ ಅದು. ಮಾರನೆಯ ದಿನ ತನ್ನದೇ ಆದ ಮೊದಲ ಕೆಲಸಕ್ಕೆ ಹೊರಡುವವಳಿದ್ದಳು.

"ಮಾಡಿಸುವವರು ಒಂದು ಹೇಳುತ್ತಾರೆ. ಬಳಸುವವರು ಇನ್ನೊಂದು ಹೇಳುತ್ತಾರೆ. ನನಗೆ ಮತ್ತೇನೋ ತೋಚುತ್ತದೆ. ಯಾವುದನ್ನು ಹಿಡಿಯಲಿ?"

ಗುರುಗಳು ಇದು ಎನ್ನಲಿಲ್ಲ, ಅದು ಎಂದೂ ಅನ್ನಲಿಲ್ಲ. "ಕೂತುಕೋ," ಎಂದು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಯುವಕನಿದ್ದ. ಮರವೋ ಕಲ್ಲೋ ಹಗ್ಗವೋ, ಏನು ಸಿಕ್ಕಿದರೂ ಅದರಿಂದ ಜನರ ಒಂದು ತೊಡಕು ಬಿಡಿಸುವಂಥದ್ದನ್ನು ಮಾಡುತ್ತಿದ್ದ. ಎತ್ತಿನ ಹೆಗಲು ಹುಣ್ಣಾಗದಂಥ ನೊಗ ಮಾಡಿಕೊಟ್ಟಿದ್ದ. ಕೈ ನಡುಗುವವರೂ ಚೆಲ್ಲದೆ ಕುಡಿಯುವಂಥ ಗಿಂಡಿ ಮಾಡಿಕೊಟ್ಟಿದ್ದ. ಅವನ ಕಣ್ಣು ಚುರುಕು, ಕೈ ಅದಕ್ಕಿಂತ ಚುರುಕು. ಯಾವುದನ್ನು ಕಂಡರೂ ಇದು ಯಾಕೆ ಹೀಗಿದೆ ಎಂದು ಕೇಳದೆ ಇರಲಾರ.

ಒಬ್ಬ ವರ್ತಕ ಅವನಿಗೆ ಹೇಳಿಕಳುಹಿಸಿದ. ವರ್ತಕನಿಗೆ ವಯಸ್ಸಾಗಿತ್ತು. ವ್ಯಾಪಾರವನ್ನು ತಮ್ಮಂದಿರಿಗೆ ಬಿಟ್ಟುಕೊಟ್ಟು, ಎರಡು ಪೇಟೆಗಳ ನಡುವಿನ ದಾರಿಯಲ್ಲಿ ಒಂದು ಛತ್ರ ಕಟ್ಟಿಸಿ, ತಾನೂ ಅಲ್ಲೇ ಇರುತ್ತಿದ್ದ. ಬಂದವರಿಗೆ ಊಟವಿತ್ತು, ನೀರಿತ್ತು, ಮಲಗಲು ಜಾಗವಿತ್ತು. ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೂ ದಾರಿಯ ತುಂಬ ಜನ ಹೋಗುತ್ತಿದ್ದರೇ ಹೊರತು ಒಳಗೆ ಬರುವವರು ಕಡಿಮೆ. ಮಾಡಿದ ಅಡುಗೆ ಬಹಳಷ್ಟು ದಿನ ದನಗಳ ಪಾಲಾಗುತ್ತಿತ್ತು.

"ಈ ದಾರಿಯಲ್ಲಿ ಹೋಗುವ ಪ್ರತಿಯೊಬ್ಬರೂ ಇಲ್ಲಿ ನಿಂತು ಹೋಗಬೇಕು," ಎಂದ ವರ್ತಕ. "ಹಾಗೆ ಮಾಡಿಕೊಡು. ಏನು ಬೇಕಾದರೂ ಒಡೆ, ಏನು ಬೇಕಾದರೂ ಕಟ್ಟು."

ಯುವಕ ಛತ್ರವನ್ನು ಒಂದು ಸುತ್ತು ಹಾಕಿ ಬಂದ. ಇಷ್ಟು ಸುಲಭವೇ ಎಂದು ಅವನಿಗೆ ಒಳಗೊಳಗೇ ನಗು ಬಂತು. ಮೆಟ್ಟಿಲು ಎತ್ತರವಾಗಿದ್ದವು. ಅಡುಗೆಮನೆಯ ಹೊಗೆ ಮಲಗುವ ಕೋಣೆಗೆ ನುಗ್ಗುತ್ತಿತ್ತು. ತಲೆಯ ಮೇಲಿನ ಹೊರೆಯನ್ನು ಇನ್ನೊಬ್ಬರ ಸಹಾಯವಿಲ್ಲದೆ ಇಳಿಸಲು ಒಂದು ಕಟ್ಟೆಯಿರಲಿಲ್ಲ. ಅವನು ಕೆಲಸಕ್ಕೆ ಇಳಿದ. ಮೆಟ್ಟಿಲು ತಗ್ಗಿದವು. ಹೊಗೆ ಮಾಡಿನ ಮೇಲಿಂದ ಹೊರಗೆ ಹೋಯಿತು. ಹೊರೆ ಇಳಿಸುವ ಕಟ್ಟೆ ಬಂತು, ಎತ್ತುಗಳಿಗೆ ನೀರಿನ ತೊಟ್ಟಿ ಬಂತು, ಕೈಕೂಸಿನವರಿಗೆ ತೊಟ್ಟಿಲು ಕಟ್ಟಲು ಕೊಂಡಿಗಳು ಬಂದವು.

ಛತ್ರದಲ್ಲಿ ಇಳಿದವರನ್ನೆಲ್ಲ ಅವನು ಮಾತನಾಡಿಸುತ್ತಿದ್ದ. ಇನ್ನೇನು ಕೊರತೆಯಿದೆ ಎಂದು ಕೇಳುತ್ತಿದ್ದ. ಒಬ್ಬರು ದೀಪ ಸಾಲದು ಎಂದರೆ ದೀಪ, ಚಾಪೆ ಚುಚ್ಚುತ್ತದೆ ಎಂದರೆ ಬೇರೆ ಚಾಪೆ. ಕೊನೆಗೆ ಎಲ್ಲರೂ, "ಇನ್ನೇನೂ ಬೇಡಪ್ಪ, ಸ್ವಂತ ಮನೆಯಲ್ಲೂ ಇಷ್ಟು ಸುಖವಿಲ್ಲ," ಎನ್ನತೊಡಗಿದರು. ಯುವಕ ಹಿಗ್ಗಿದ.

ಆದರೆ ಬರುವವರೇ ಮತ್ತೆ ಮತ್ತೆ ಬಂದರು. ಹೊಸಬರು ಮೊದಲಿನ ಹಾಗೆಯೇ ಛತ್ರದ ಮುಂದೆ ತಲೆ ತಗ್ಗಿಸಿಕೊಂಡು ನಡೆದುಹೋದರು.

ವರ್ತಕ ಬೈಯಲಿಲ್ಲ. ಜಗಲಿಯ ಮೇಲೆ ಕೂತು ದಾರಿ ನೋಡುವುದು ಅವನ ನಿತ್ಯದ ಅಭ್ಯಾಸ. ಅಲ್ಲಿಂದಲೇ, "ನೀನು ಮಾಡಿದ್ದೆಲ್ಲ ಚೆನ್ನಾಗಿದೆ. ಸಾಕು ಅನ್ನಿಸಿದರೆ ಊರಿಗೆ ಹೋಗು," ಎಂದ.

ಯುವಕನಿಗೆ ಹೋಗಲು ಮನಸ್ಸಾಗಲಿಲ್ಲ. ಸೋತೆ ಎಂಬ ನೋವಿಗಿಂತ, ಯಾಕೆ ಹೀಗೆ ಎಂಬ ಕುತೂಹಲ ಅವನನ್ನು ಹಿಡಿದು ನಿಲ್ಲಿಸಿತು. ಯೋಚಿಸುತ್ತ ಕೂತಾಗ ಒಂದು ಸಂಗತಿ ಹೊಳೆದು, ತನ್ನ ಹಣೆಯನ್ನು ತಾನೇ ಬಡಿದುಕೊಂಡ. ಒಳಗೆ ಬಂದವರನ್ನು ಮಾತ್ರ ಅವನು ಕೇಳಿದ್ದ. ಬಾರದವರನ್ನು ಕೇಳಿಯೇ ಇರಲಿಲ್ಲ.

ಅವನು ದಾರಿಗೆ ಇಳಿದ. ಛತ್ರ ದಾಟಿ, ತಿರುವು ಕಳೆದ ಮೇಲೆ ಒಂದು ಜಾಲಿಮರವಿತ್ತು. ಅದರ ನೆರಳು ಇದ್ದೂ ಇಲ್ಲದಂಥದ್ದು, ನೆಲದ ತುಂಬ ಮುಳ್ಳು. ಅಲ್ಲಿ ಜನ ಕಿಕ್ಕಿರಿದು ಕೂತಿದ್ದರು. ಹೊರೆ ಇಳಿಸಿ, ಬುತ್ತಿ ಬಿಚ್ಚಿ, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ಬಿಸಿಲಿಳಿಯುವುದನ್ನು ಕಾಯುತ್ತಿದ್ದರು.

ತಂಪು ಜಗಲಿಯನ್ನು ದಾಟಿ ಬಂದು ಇಲ್ಲಿ ಮುಳ್ಳಿನ ಮೇಲೆ ಕೂರುತ್ತಾರಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ಒಬ್ಬೊಬ್ಬರನ್ನೇ ಕೇಳಿದ. ಎಲ್ಲರೂ ಅವಸರವಾಗಿ ಹೋಗಬೇಕಿತ್ತು ಎಂದರು. ಹಾಗೆಂದವರು ಹೊತ್ತು ಇಳಿಯುವವರೆಗೂ ಅಲ್ಲೇ ಕೂತಿದ್ದರು.

ಹೀಗೆ ಎದುರು ನಿಂತು ಕೇಳಿದರೆ ಉತ್ತರ ಬರುವುದಿಲ್ಲ ಎಂದು ಅವನಿಗೆ ತಿಳಿಯಿತು. ಮಾರನೆಯ ದಿನ ತಾನೂ ಒಂದು ಗಂಟು ಹೊತ್ತುಕೊಂಡು ಅವರ ಜೊತೆ ನಡೆದ. ಅವರು ಕೂತಲ್ಲಿ ಕೂತ, ಅವರು ಕೊಟ್ಟ ರೊಟ್ಟಿ ತಿಂದ, ತನ್ನ ಹುರಿಗಡಲೆ ಹಂಚಿದ. ಯಾರನ್ನೂ ಏನೂ ಕೇಳಲಿಲ್ಲ. ಕೆಲವು ದಿನ ಹೀಗೇ ಕಳೆದವು. ಒಂದು ಮಧ್ಯಾಹ್ನ ಬುಟ್ಟಿ ಮಾರುವ ಹೆಂಗಸೊಬ್ಬಳು ಅವನ ಪಕ್ಕದಲ್ಲಿ ಕೂತು, ಕಾಲಿನ ಮುಳ್ಳು ತೆಗೆಯುತ್ತ ತಾನಾಗಿಯೇ ಮಾತಿಗೆ ತೊಡಗಿದಳು.

"ನೀನ್ಯಾಕಪ್ಪ ಆ ಛತ್ರದಲ್ಲಿ ಇಳಿಯಲಿಲ್ಲ? ನಿನ್ನಂಥವರಿಗೆ ಅಲ್ಲಿ ಜಾಗ ಕೊಡುತ್ತಾರೆ."

"ನಿನಗೆ ಕೊಡುವುದಿಲ್ಲವೇನಮ್ಮ?"

"ಬಾಗಿಲಲ್ಲಿ ಕೇಳುತ್ತಾರಲ್ಲ, ಯಾರು, ಯಾರ ಮಕ್ಕಳು, ಯಾವ ಊರು ಅಂತ. ಆ ಮಾತಿಗೆ ಉತ್ತರ ಕೊಟ್ಟ ಮೇಲೂ ನನ್ನನ್ನು ಒಳಗೆ ಕರೆದವರನ್ನು ನಾನು ಈ ವಯಸ್ಸಿನವರೆಗೆ ಎಲ್ಲೂ ಕಂಡಿಲ್ಲ. ಹೇಳಿ, ಬೈಸಿಕೊಂಡು, ವಾಪಸ್ಸು ಬರುವುದಕ್ಕಿಂತ ಈ ಮುಳ್ಳೇ ವಾಸಿ."

ಅವಳು ಜಾಲಿಮರದ ಕೆಳಗಿದ್ದವರನ್ನು ಕಣ್ಣಿನಲ್ಲೇ ತೋರಿಸಿ, ಒಬ್ಬೊಬ್ಬರ ಸಂಗತಿ ಮೆಲ್ಲಗೆ ಹೇಳಿದಳು. ಒಬ್ಬ ಸೆರೆಯಿಂದ ಬಿಡುಗಡೆಯಾಗಿ ಬಂದವನು. ಒಬ್ಬಳಿಗೆ ತಂದೆ ಯಾರೆಂದು ತಿಳಿಯದು. ಇನ್ನೊಬ್ಬ ಚಪ್ಪಲಿ ಹೊಲಿಯುವವನು. ಮತ್ತೊಬ್ಬಳು ಗಂಡನ ಮನೆಯಿಂದ ಓಡಿಬಂದವಳು. ಒಬ್ಬೊಬ್ಬರಿಗೂ ಆ ಮಾತು ಒಂದೊಂದು ಕಡೆ ಚುಚ್ಚುತ್ತಿತ್ತು.

ಯುವಕ ಛತ್ರಕ್ಕೆ ಓಡಿದ. ಮೊದಲ ದಿನ ವರ್ತಕನ ಗಾಡಿಯಲ್ಲಿ ಬಂದು ಹಿತ್ತಲ ಬಾಗಿಲಿನಿಂದ ಒಳಗೆ ಹೋದವನು ಅವನು. ಆಮೇಲೂ ಅಲ್ಲಿಂದಲೇ ಓಡಾಡುತ್ತಿದ್ದ. ಮುಂಬಾಗಿಲಲ್ಲಿ ಏನು ಕೇಳುತ್ತಾರೆಂದು ಅವನಿಗೆ ಗೊತ್ತೇ ಇರಲಿಲ್ಲ. ಬಾಗಿಲು ಕಾಯುವವನಿಗೆ, "ನನ್ನನ್ನು ಹೊಸಬ ಎಂದುಕೊಂಡು ಕೇಳು," ಎಂದ. ಅವನು ಸೌಮ್ಯವಾಗಿ, ಮರ್ಯಾದೆಯಿಂದಲೇ ಕೇಳಿದ. ಯುವಕನ ಬಳಿ ಉತ್ತರವಿತ್ತು. ಆದರೂ ಅವನ ಕಾಲು ಹೊಸ್ತಿಲಿನ ಈಚೆಗೇ ನಿಂತುಬಿಟ್ಟಿತು.

"ಯಾರು ಏನೇ ಹೇಳಲಿ, ನಾನು ಯಾರನ್ನೂ ಹಿಂದಕ್ಕೆ ಕಳುಹಿಸಿಲ್ಲ," ಎಂದ ಬಾಗಿಲು ಕಾಯುವವನು. "ಆದರೆ ಕೇಳಲೇಬೇಕು. ಧಣಿಗಳ ಅಪ್ಪಣೆ."

ಯುವಕನಿಗೆ ತಡೆಯಲಾರದಷ್ಟು ಸಂತೋಷವಾಯಿತು. ತೊಡಕು ಎಲ್ಲಿದೆ ಎಂದು ಕಡೆಗೂ ಗೊತ್ತಾಗಿತ್ತು. ಒಡೆಯಬೇಕಿಲ್ಲ, ಕಟ್ಟಬೇಕಿಲ್ಲ, ಒಂದು ಮಾತನ್ನು ನಿಲ್ಲಿಸಿದರೆ ಸಾಕು. ಅವನು ವರ್ತಕನ ಮುಂದೆ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

ವರ್ತಕನ ಮುಖ ಕಪ್ಪಿಟ್ಟಿತು.

"ಬೇಕಾದರೆ ಇಡೀ ಛತ್ರ ಕೆಡವು. ಅದೊಂದನ್ನು ಮುಟ್ಟಬೇಡ."

"ಯಾಕೆ ಶೆಟ್ಟರೇ?"

ವರ್ತಕ ದಾರಿಯ ಕಡೆ ಮುಖ ತಿರುಗಿಸಿದ. ಆಮೇಲೆ ಹೇಳಿದ. ಅವನಿಗೆ ಒಬ್ಬಳೇ ಮಗಳು. ಹೆಸರು ಹೊನ್ನವ್ವ. ಒಂದು ದಿನ ಬೆಳಗ್ಗೆ ಅವಳು ಮನೆಯಲ್ಲಿರಲಿಲ್ಲ. ಜಗಳವಾಗಿರಲಿಲ್ಲ, ಗದರಿಸಿದ್ದಿಲ್ಲ. ಯಾರೊಂದಿಗೆ ಹೋದಳೋ, ಒಬ್ಬಳೇ ಹೋದಳೋ, ಯಾಕೆ ಹೋದಳೋ ಯಾರಿಗೂ ತಿಳಿಯಲಿಲ್ಲ. ಅವಳ ತಾಯಿ ಅದೇ ಕೊರಗಿನಲ್ಲಿ ತೀರಿಕೊಂಡಳು. ವರ್ತಕ ಪೇಟೆ ಪೇಟೆ ಸುತ್ತಿ ಹುಡುಕಿದ. ಸಿಗಲಿಲ್ಲ.

"ಈ ಸೀಮೆಯವರು ಒಂದಲ್ಲ ಒಂದು ದಿನ ಈ ದಾರಿಯಲ್ಲಿ ಹೋಗಲೇಬೇಕು," ಎಂದ ಅವನು. "ವರ್ಷಗಳಾದವು. ಅವಳ ಮುಖ ಬದಲಾಗಿರುತ್ತದೆ. ನನ್ನ ಕಣ್ಣೂ ಮಂಜಾಗಿದೆ. ಹೆಸರು ಹೇಳಿದರೆ ಮಾತ್ರ ಗುರುತು ಸಿಗುವುದು. ನಾನು ಛತ್ರ ಕಟ್ಟಿಸಿ ಬಾಗಿಲಲ್ಲಿ ಕೇಳಿಸುತ್ತಿದ್ದೇನೆಂದು ತಿಳಿದಿದ್ದೀಯ? ಕೇಳುವುದಕ್ಕಾಗಿಯೇ ಛತ್ರ ಕಟ್ಟಿಸಿದ್ದು."

ಯುವಕನ ಸಂತೋಷವೆಲ್ಲ ಇಳಿದುಹೋಯಿತು. ಇಷ್ಟು ದಿನ ಅವನು ಮೆಟ್ಟಿಲು ನೋಡಿದ್ದ, ಹೊಗೆ ನೋಡಿದ್ದ, ದಾರಿಹೋಕರನ್ನೂ ನೋಡಿದ್ದ. ಕೆಲಸ ಕೊಟ್ಟವನನ್ನು ಮಾತ್ರ ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಈಗ ವರ್ತಕನ ಮಾತು ನಡೆಸಿದರೆ ದಾರಿಹೋಕರು ಮುಳ್ಳಿನ ಮೇಲೆ ಕೂರುತ್ತಾರೆ. ಅವರ ಮಾತು ನಡೆಸಿದರೆ ಇವನಿಗೆ ಉಳಿದಿರುವ ಒಂದೇ ಆಸೆ ಹೋಗುತ್ತದೆ. ಇದನ್ನು ಬಿಡಿಸುವ ಉಳಿ ಅವನ ಚೀಲದಲ್ಲಿರಲಿಲ್ಲ.

ಕೊನೆಗೆ ಅವನು ಅಂಜುತ್ತಲೇ ಕೇಳಿದ: "ಶೆಟ್ಟರೇ, ಹೇಳದೆ ಹೋದವಳು ಬಾಗಿಲಲ್ಲಿ ನಿಂತು ಹೆಸರು ಹೇಳುತ್ತಾಳೆಯೇ? ಅವಳು ದಣಿದು ಈ ದಾರಿಯಲ್ಲಿ ಬಂದರೆ, ಅವಳು ನಿಮಗೆ ಸಿಗಬೇಕೋ, ಅವಳಿಗೆ ನೆರಳು ಸಿಗಬೇಕೋ?"

"ನಿನ್ನ ಕೆಲಸ ಮುಗಿಯಿತು. ಹೋಗು," ಎಂದ ವರ್ತಕ.

ಯುವಕ ಚೀಲ ಕಟ್ಟಿದ. ಕೇಳಬಾರದ್ದನ್ನು ಕೇಳಿದೆನೆಂದು ಅವನಿಗೆ ದುಃಖವಾಗಿತ್ತು. ಅವನು ಹೊರಡುವಷ್ಟರಲ್ಲಿ ವರ್ತಕ ತಾನೇ ಜಗಲಿಯಿಂದ ಇಳಿದು, ಕೋಲೂರಿಕೊಂಡು ದಾರಿ ಹಿಡಿದು ನಡೆಯುವುದು ಕಂಡಿತು. ಯುವಕ ಹಿಂದೆ ಹಿಂದೆ ಹೋದ.

ಜಾಲಿಮರದ ಕೆಳಗೆ ಜನ ಎಂದಿನಂತೆ ಕೂತಿದ್ದರು. ವರ್ತಕ ಅಲ್ಲಿಯವರೆಗೆ ಒಮ್ಮೆಯೂ ಬಂದಿರಲಿಲ್ಲ. ಮರದ ಬುಡದಲ್ಲಿ ಒಬ್ಬ ಹೆಂಗಸು ಮಲಗಿದ್ದಳು. ಬಿಸಿಲಿಗೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದಳು. ಅಂಗಾಲು ಒಡೆದು ನೆತ್ತರು ಒಣಗಿತ್ತು. ವರ್ತಕ ಅವಳ ಕಾಲುಗಳನ್ನೇ ನೋಡುತ್ತ ನಿಂತ. ಸೆರಗು ಸರಿಸಲಿಲ್ಲ. ಎಬ್ಬಿಸಲಿಲ್ಲ. ಯಾರು ಎಂದು ಕೇಳಲು ಅವನ ತುಟಿ ಅಲುಗಿತು. ಕೇಳಲಿಲ್ಲ. ಅವಳ ಮುಖದ ಮೇಲೆ ನೆರಳು ಬೀಳುವಂತೆ ಸ್ವಲ್ಪ ಸರಿದು ನಿಂತ. ಹೊತ್ತು ಇಳಿಯುವವರೆಗೂ ಹಾಗೆಯೇ ನಿಂತಿದ್ದ.

ವಾಪಸ್ಸು ಬಂದವನು ಬಾಗಿಲು ಕಾಯುವವನಿಗೆ ಹೇಳಿದ: "ಇವತ್ತಿನಿಂದ ಕೇಳಬೇಡ."

ಯುವಕ ಚೀಲ ಬಿಚ್ಚಿದ. ಬಾಗಿಲಲ್ಲಿ ಒಂದು ಹರವಿ ನೀರು ಇರಿಸಿ, ಕಾಯುವವನ ಕೈಗೆ ಚೆಂಬು ಕೊಟ್ಟ. ಬಂದವರು ಬೊಗಸೆಯೊಡ್ಡಿ ತಲೆ ಬಗ್ಗಿಸಬೇಕು, ಇವನು ನೀರು ಹೊಯ್ಯಬೇಕು. ಕುಡಿಯುವವರನ್ನು ಯಾರೂ ಮಾತನಾಡಿಸುವುದಿಲ್ಲ. ಕುಡಿದು ತಲೆಯೆತ್ತುವಾಗ ಎದುರಿಗೆ ಊಟದ ಪಡಸಾಲೆ ಕಾಣುವ ಹಾಗೆ ಅಡ್ಡಗೋಡೆಯೊಂದನ್ನು ತೆಗೆದ. ಅಷ್ಟೇ ಅವನು ಮಾಡಿದ್ದು.

ಮೊದಲು ಬಂದವಳು ಬುಟ್ಟಿ ಮಾರುವ ಹೆಂಗಸು. ನೀರು ಕುಡಿದು, ಏನೋ ಕೇಳುತ್ತಾರೆಂದು ಕಾದು ನಿಂತಳು. ಯಾರೂ ಏನೂ ಕೇಳಲಿಲ್ಲ. ಒಳಗೆ ಹೋದಳು. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಜಾಲಿಮರದ ಕೆಳಗೆ ಕೂರುವವರಿಲ್ಲವಾದರು. ಇವರ ಸಾಲಿನಲ್ಲಿ ಕೂರಲಾರೆವೆಂದು ಹಳೆಯ ಕೆಲವರು ಬರುವುದನ್ನು ಬಿಟ್ಟರು. ವರ್ತಕ ಅವರನ್ನು ಕರೆಯಲು ಹೋಗಲಿಲ್ಲ.

ಅವನು ಜಗಲಿಯ ಮೇಲೆ ಕೂತು ಮುಖ ನೋಡುವುದನ್ನೂ ಬಿಟ್ಟ. ದಿಟ್ಟಿಸಿ ನೋಡುವುದೂ ಕೇಳಿದ ಹಾಗೆಯೇ ಎಂದು ಅವನಿಗೆ ಅನ್ನಿಸಿತ್ತು. ಬೆನ್ನು ಬಾಗಿದ್ದರೂ ಸೌಟು ಹಿಡಿದು ತಾನೇ ಬಡಿಸಲು ನಿಂತ. ಅವನಿಗೆ ಕಾಣುತ್ತಿದ್ದುದು ಎಲೆ, ಎಲೆಯ ಮೇಲಿನ ಕೈ. ಪ್ರತಿ ಕೈಗೂ ಸಾಕು ಎನ್ನುವವರೆಗೆ ಬಡಿಸುತ್ತಿದ್ದ. ಸಾಕೆಂದ ಮೇಲೂ ಇನ್ನೊಂದು ಸೌಟು ಹಾಕುತ್ತಿದ್ದ.

ಯುವಕ ಇದನ್ನು ಬಾಗಿಲಿನಿಂದ ನೋಡಿ ಊರಿಗೆ ಹೊರಟ. ದಾರಿಯುದ್ದಕ್ಕೂ ಅವನಿಗೆ ತಾನು ವರ್ತಕನಿಗೆ ಏನನ್ನಾದರೂ ಕೊಟ್ಟು ಬಂದೆನೋ, ಅವನಲ್ಲಿ ಇದ್ದುದನ್ನೂ ಕಿತ್ತುಕೊಂಡು ಬಂದೆನೋ ಎಂದು ಗೊತ್ತಾಗಲಿಲ್ಲ. ಆಮೇಲೆ ಅವನು ಯಾವ ಕೆಲಸ ಒಪ್ಪಿಕೊಂಡರೂ ಮೊದಲು ಬಾರದವರನ್ನು ಹುಡುಕಿಕೊಂಡು ಹೋಗುತ್ತಿದ್ದ. ಅಲ್ಲಿಂದ ಬಂದು, ಮಾಡಿಸುವವರ ಪಕ್ಕದಲ್ಲಿ ಕೂತು ಯಾಕೆ ಎಂದು ಕೇಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ ತಾನು ಕೇಳಿದ್ದ ಪ್ರಶ್ನೆಯನ್ನೇ ಮರೆತಿದ್ದಳು.

"ಗುರುಗಳೇ, ಆ ಹೊನ್ನವ್ವ? ಅವಳು ಬಂದಳೇ?"

"ಬಂದಿದ್ದರೆ ಹೊಟ್ಟೆ ತುಂಬ ಉಂಡು, ನೆರಳಿನಲ್ಲಿ ಮಲಗೆದ್ದು ಹೋಗಿರುತ್ತಾಳೆ," ಎಂದರು ಗುರುಗಳು.