ಪ್ರಾರ್ಥನೆಗೆ ಹಾಜರಿ

ಕಾಲೇಜಿನಲ್ಲಿ ಯಾವ ಸಮಾರಂಭವಿದ್ದರೂ ಪ್ರಾರ್ಥನೆಗೆ ಚಂಪಾ ಬೇಕು. ಪಾಠದ ನಡುವೆಯೇ ಜವಾನ ಬಂದು ಕರೆದೊಯ್ಯುತ್ತಿದ್ದ. ವರ್ಷದ ಕೊನೆಗೆ ಅವಳ ಹಾಜರಿ ಶೇಕಡ ಎಪ್ಪತ್ತೈದು ಮುಟ್ಟಲಿಲ್ಲ. ಪರೀಕ್ಷೆಗೆ ಕೂರುವಂತಿಲ್ಲ ಎಂದರು.

"ನೀವೇ ಕರೆಸಿದ್ದಲ್ವಾ ಸಾರ್?"

"ವೇದಿಕೆ ಬೇರೆ, ತರಗತಿ ಬೇರೆಯಮ್ಮ. ನಿಯಮ ಅಂದ್ರೆ ನಿಯಮ," ಎಂದರು ಪ್ರಿನ್ಸಿಪಾಲ್ ನಂಜುಂಡಾರಾಧ್ಯರು. "ನಾಳೆ ಶಾಸಕರು ಬರ್ತಾರೆ. ಚೆನ್ನಾಗಿ ಹಾಡು."

ಚಂಪಾ ಚೆನ್ನಾಗಿಯೇ ಹಾಡಿದಳು. ಸಭೆಯೆಲ್ಲ ಎದ್ದು ನಿಂತಿತು. ಗಣಪತಿ ಮುಗಿದು ಶಾರದೆ ಬಂದಳು, ಶಾರದೆ ಮುಗಿದು ಶಿವ ಬಂದ. ಪ್ರಾರ್ಥನೆ ನಡೆಯುವಾಗ ಕೂರುವ ಧೈರ್ಯ ಯಾರಿಗಿದೆ? ಶಾಸಕರು ಕಾಲು ಬದಲಿಸುತ್ತ ಪ್ರಿನ್ಸಿಪಾಲರನ್ನು ದುರುಗುಟ್ಟಿ ನೋಡಿದರು.

ಪ್ರಿನ್ಸಿಪಾಲರು ಮುಗಿದ ಕೈಯಲ್ಲೇ ಅವಳ ಪಕ್ಕಕ್ಕೆ ಸರಿದರು. "ಸಾಕು, ಮುಗಿಸಮ್ಮ!"

ಚಂಪಾ ಉಸಿರೆಳೆದುಕೊಳ್ಳುವ ನೆಪದಲ್ಲಿ ಕೇಳಿದಳು, "ಹಾಜರಿ, ಸಾರ್?"

"ಇವತ್ತಿಂದು ಕೊಟ್ಟೆ."

ಅವಳು ಸುಬ್ರಹ್ಮಣ್ಯನನ್ನು ಶುರುಮಾಡಿದಳು.

"ಹಿಂದಿಂದೂ ಕೊಟ್ಟೆ ಕಣಮ್ಮ, ಎಲ್ಲಾ ಕೊಟ್ಟೆ!"

ಅಷ್ಟರಲ್ಲಿ ಅವಳು ಮೈಕನ್ನು ಅವರ ಬಾಯಿಯತ್ತ ತಿರುಗಿಸಿದ್ದಳು. ಸಭೆಯೆಲ್ಲ ಕೇಳಿಸಿಕೊಂಡಿತು. ಚಂಪಾ ಮಂಗಳ ಹಾಡಿದಳು.

ಶಾಸಕರು ದೊಪ್ಪನೆ ಕುಳಿತು ಹುಡುಗಿಯ ಭಕ್ತಿಯನ್ನು ಹೊಗಳಿದರು.

ಚಂಪಾ ಪರೀಕ್ಷೆ ಬರೆದಳು. ಈಗ ಆ ಕಾಲೇಜಿನಲ್ಲಿ ಪ್ರಾರ್ಥನೆ ಹಾಡುವುದು ಪೆನ್ ಡ್ರೈವ್. ಅದು ಹಾಜರಿ ಕೇಳುವುದಿಲ್ಲ.