ಓಲೆಗರಿಯ ಮೇಲೆ ಇದ್ದಿಲ ಕೈ

ಹೊಳೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಅಡವಯ್ಯ ಗುರುಗಳ ಗ್ರಂಥಭಂಡಾರವಿತ್ತು. ಕಾಯುವವನು ಶಿಷ್ಯ ಸೋಮಲಿಂಗ. ಅಂತಿಂಥ ಕಾವಲಲ್ಲ, ಅವನ ಕಣ್ಣು ತಪ್ಪಿಸಿ ನೊಣವೂ ಒಳಗೆ ಹೋಗುವಂತಿರಲಿಲ್ಲ.

ಹಳೆಯ ಓಲೆಗರಿಯಲ್ಲಿದ್ದುದನ್ನು ಅವನು ಹೊಸ ಗರಿಗೆ ಇಳಿಸುತ್ತಿದ್ದ. ಉಕ್ಕಿನ ಮೊನೆಯಿಂದ ಅಕ್ಷರ ಕೊರೆದು, ಎಣ್ಣೆ ಸವರಿ, ಮೇಲೆ ಮಸಿ ಬಳಿಯಬೇಕು. ಮಸಿ ಬೀಳುವ ತನಕ ಅಕ್ಷರ ಕಣ್ಣಿಗೆ ಕಾಣುವುದಿಲ್ಲ. ಮುಗಿದ ಕಟ್ಟನ್ನು ಕೆಂಪು ಬಟ್ಟೆಯಲ್ಲಿ ಬಿಗಿದು ಮೇಲಿಟ್ಟರೆ ಮತ್ತೆ ಬಿಚ್ಚಿದ್ದಿಲ್ಲ.

ಇದ್ದಿಲು ಸುಡುವವರ ಮಕ್ಕಳು ದಿನವೂ ಬಂದು ಹೊಸ್ತಿಲಾಚೆ ನಿಲ್ಲುತ್ತಿದ್ದರು. ಸೋಮಲಿಂಗ ದಿನವೂ ಗದರಿಸಿ ಓಡಿಸುತ್ತಿದ್ದ.

“ಇವತ್ತು ಭಂಡಾರಕ್ಕೆ ಯಾರು ಬಂದಿದ್ದರಪ್ಪಾ?” ಒಂದು ದಿನ ಗುರುಗಳು ಕೇಳಿದರು.

“ಯಾರೂ ಇಲ್ಲ ಗುರುಗಳೇ.”

“ಬಾಗಿಲಲ್ಲಿ ಸದ್ದಾಗುತ್ತಿದೆಯಲ್ಲ.”

“ಅವು ಮಕ್ಕಳು. ಓದುವವರಲ್ಲ, ಸುಮ್ಮನೆ ನೋಡುವವರು.”

“ನೋಡದೆ ಓದಿದವರು ಯಾರಾದರೂ ಇದ್ದಾರೆಯೇ?”

“ಅವರ ಕೈ ನೋಡಿ ಗುರುಗಳೇ. ಮುಟ್ಟಿದ್ದೆಲ್ಲ ಕಪ್ಪಾಗುತ್ತದೆ.”

“ಹೌದೇ? ಹಾಗಾದರೆ ಕರೆ.”

ಮುಂದೆ ನಿಂತಿದ್ದವಳು ಕೆಂಚಿ ಎಂಬ ಹುಡುಗಿ. ಆ ಬೆಳಿಗ್ಗೆ ಸೋಮಲಿಂಗ ಕೊರೆದು ಎಣ್ಣೆ ಸವರಿಟ್ಟಿದ್ದ ಗರಿಯನ್ನೇ ಗುರುಗಳು ಅವಳ ಕೈಗಿತ್ತರು. ಸೋಮಲಿಂಗ ತಡೆಯಲು ಒಂದು ಹೆಜ್ಜೆ ಮುಂದಿಟ್ಟ.

“ಇದರಲ್ಲಿ ಏನಿದೆ ಮಗಾ?”

“ಏನೂ ಇಲ್ಲ ಅಜ್ಜಾ. ಬರೀ ಗರಿ.”

“ಸವರಿ ನೋಡು.”

ಅವಳು ಅಂಗೈಯಿಂದ ಸವರಿದಳು. ಇದ್ದಿಲ ಪುಡಿ ಗೀರುಗಳಿಗೆ ಇಳಿಯಿತು. ಒಂದು ಅಕ್ಷರ ಎದ್ದಿತು. ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತ ಸಾಲಿಗೆ ಸಾಲೇ ಎದ್ದು ನಿಂತಿತು.

ಕೆಂಚಿ ಉಸಿರು ಬಿಗಿಹಿಡಿದಳು. ಸೋಮಲಿಂಗನಿಗೂ ಮೈ ಜುಮ್ಮೆಂದಿತು. ಮಸಿ ಬಳಿಯುವುದು ಅವನಿಗೆ ದಿನದ ಕೆಲಸ. ಅಕ್ಷರ ಹುಟ್ಟುವುದನ್ನು ಒಂದು ಮಗುವಿನ ಕಣ್ಣಲ್ಲಿ ನೋಡಿದ್ದು ಅದೇ ಮೊದಲು.

“ಇದ್ರಲ್ಲಿ ಏನು ಬರೆದೈತೆ ಅಣ್ಣಾ?”

ಅವನನ್ನು ಹಾಗೆ ಯಾರೂ ಕೇಳಿರಲಿಲ್ಲ. ಓದಿದ. “ಆನೆಮರಿ ಹೊಳೆಯ ಸುಳಿಗೆ ಸಿಕ್ಕಿತು. ತಾಯಾನೆ ಸೊಂಡಿಲು ಚಾಚಿತು. ಎಟುಕಲಿಲ್ಲ.”

ಗರಿ ಮುಗಿಯಿತು.

“ಆಮೇಲೆ?”

ಸೋಮಲಿಂಗ ತಬ್ಬಿಬ್ಬಾದ. ಇದೇ ಕಥೆಯನ್ನು ಅವನು ಹಿಂದೆಯೂ ನಕಲಿಳಿಸಿದ್ದ. ಅಕ್ಷರ ನೋಡಿ ಅಕ್ಷರ ಕೊರೆದಿದ್ದನೇ ಹೊರತು, ಮರಿ ಬದುಕಿತೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ.

ಗುರುಗಳತ್ತ ನೋಡಿದ. ಅವರು ಕಣ್ಣು ಮುಚ್ಚಿ ಕೂತಿದ್ದರು.

ಆ ಕಥೆಯ ಹಿಂದಿನ ನಕಲಿದ್ದ ಕೆಂಪು ಕಟ್ಟನ್ನು ಮೇಲಿನಿಂದ ಇಳಿಸಿದ. ತಾನೇ ಬಿಗಿದ ಗಂಟು, ಹಲ್ಲಿನಿಂದ ಬಿಚ್ಚಬೇಕಾಯಿತು. ಮಕ್ಕಳೆಲ್ಲ ಹೊಸ್ತಿಲು ದಾಟಿ ಬಂದು ಸುತ್ತ ಕೂತರು. ಅವನು ಓದುತ್ತ ಹೋದ. ಹಿಂಡಿನ ಆನೆಗಳು ಒಂದಕ್ಕೊಂದು ಒತ್ತಿ ನೀರಿಗೆ ಅಡ್ಡ ನಿಂತವು. ಮರಿ ದಡ ಸೇರಿತು.

ಸೋಮಲಿಂಗನಿಗೆ ಕಣ್ಣು ತುಂಬಿ ಬಂತು. ತಲೆಯೆತ್ತಿದ. ಗೋಡೆ ತುಂಬ ಕೆಂಪು ಕಟ್ಟುಗಳು. ಅವುಗಳೊಳಗೆ ಇನ್ನೂ ಏನೇನಿದೆಯೋ ಎಂದು ಬೆರಗಿನಿಂದ ನೋಡುತ್ತ ಕೂತ.

“ಇನ್ನೊಂದು ಬಿಚ್ಚಣ್ಣಾ,” ಎನ್ನುತ್ತ ಕೆಂಚಿ ಮುಂದೆ ಬಾಗಿದಳು. ಅವಳ ಮಂಡಿಯ ಕೆಳಗೆ ಗರಿಯೊಂದು ಚಟ್ಟೆಂದು ಮುರಿಯಿತು.

ಸೋಮಲಿಂಗನ ಮುಖ ಕೆಂಪಾಯಿತು. ಅದನ್ನು ಕಂಡ ಕೆಂಚಿ ಎದ್ದು ಹೊಸ್ತಿಲ ಕಡೆ ಹಿಂದೆ ಸರಿದಳು.

ಗುರುಗಳು ಕಣ್ಣು ತೆರೆದರು.

“ಗರಿ ಮುರಿದರೆ ಇನ್ನೊಂದು ಬರೆಯಬಹುದಪ್ಪಾ. ‘ಆಮೇಲೆ?’ ಅಂತ ಕೇಳುವವಳು ಎದ್ದು ಹೋದರೆ, ಯಾರಿಗೆ ಅಂತ ಬರೀತೀಯ?”