ಸಿದ್ದಾಜಮ್ಮ ಅಪ್ಪಣೆ ಕೇಳಿದ್ದು

ಒಂದು ಗುಡ್ಡ, ಗುಡ್ಡದ ಮೇಲೊಂದು ಅರಮನೆ, ಅರಮನೆಯೊಳಗೊಬ್ಬ ರಾಜ. ಆ ರಾಜ್ಯದ ಹೆಸರು ಚಳಿಗುಡ್ಡ. ಹೆಸರು ಸುಮ್ಮನೆ ಇಟ್ಟದ್ದಲ್ಲ ಮಕ್ಕಳೇ. ಮುಂಜಾನೆ ಅಲ್ಲಿ ಕೋಳಿ ಕೂಗಲು ಬಾಯಿ ತೆರೆದು, ಚಳಿಗೆ ಹೆದರಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು.

ರಾಜನ ಹೆಸರು ಬೊಮ್ಮರಸ. ಒಳ್ಳೆಯವನು, ಆದರೆ ಒಂದು ದುರಭ್ಯಾಸವಿತ್ತು. ಕೊನೆಗೆ ಯಾರು ಮಾತಾಡುತ್ತಾರೋ ಅವರ ಮಾತೇ ಸರಿ ಎನ್ನುವನು. ಅಡುಗೆಯವನು ಬಂದು "ಇವತ್ತು ಹುರುಳಿ ಸಾರು" ಎಂದರೆ ಹೂಂ. ಹಿಂದೆಯೇ ರಾಣಿ ಬಂದು "ಬೇಡ, ಸೊಪ್ಪಿನ ಸಾರು" ಎಂದರೆ ಅದಕ್ಕೂ ಹೂಂ.

ಆ ಅರಮನೆಯಲ್ಲಿ ಒಂದು ಕಿನ್ನರಿ ಇತ್ತು. ಬಿದಿರಿನ ಕೋಲಿಗೆ ಮೂರು ಸೋರೆಬುರುಡೆ ಕಟ್ಟಿ, ಮೇಲೆ ತಂತಿ ಎಳೆದ ವಾದ್ಯ. ಸ್ವತ್ತು ಅರಮನೆಯದು, ನುಡಿಸುವವಳು ಸಿದ್ದಾಜಮ್ಮ. ಹುಡುಗಿಯಾಗಿದ್ದಾಗ ಹಿಡಿದದ್ದನ್ನು ಕೂದಲು ಬೆಳ್ಳಗಾದರೂ ಬಿಟ್ಟಿರಲಿಲ್ಲ. ದಿನಾ ದೀಪ ಹಚ್ಚುವ ಹೊತ್ತಿಗೆ ಹಜಾರದಲ್ಲಿ ಬಂದು ಕೂರುವಳು. ಊರವರೆಲ್ಲ ಸುತ್ತ ಕೂರುವರು. ಮೊದಲು ಎರಡೂ ಕೈ ಜೋಡಿಸಿ "ಅಪ್ಪಣೆಯಾ?" ಎಂದು ಕೇಳುವಳು. ಕೇಳುವವರ ಅಪ್ಪಣೆಯಿಲ್ಲದೆ ತಂತಿ ಮುಟ್ಟಬಾರದು ಎಂಬುದು ಅವಳ ಗುರು ಕಲಿಸಿದ್ದ ಪದ್ಧತಿ. ಎಲ್ಲರೂ "ಅಪ್ಪಣೆ, ಅಪ್ಪಣೆ" ಎಂದ ಮೇಲೆಯೇ ನುಡಿಸುವಳು.

ವಯಸ್ಸಾಯಿತು. ಸಿದ್ದಾಜಮ್ಮನ ಬೆರಳುಗಳಿಗೆ ಸಂಧಿವಾತ ಬಂತು. ಗೆಣ್ಣುಗಳೆಲ್ಲ ಹಸಿಶುಂಠಿಯ ಹಾಗೆ ಊದಿಕೊಂಡವು. ಬೆಳಿಗ್ಗೆ ಎದ್ದರೆ ಮುಚ್ಚಿದ ಮುಷ್ಟಿ ಬಿಚ್ಚದು, ಬಿಚ್ಚಿದರೆ ಮುಚ್ಚದು. ಎಲೆ ಅಡಿಕೆಯ ಚೀಲದ ಗಂಟು ಬಿಚ್ಚಲೂ ಗಂಡ ಚನ್ನಿಗಪ್ಪನೇ ಬೇಕು. ಈ ಚನ್ನಿಗಪ್ಪ ಅರಮನೆಯ ಅಡುಗೆಯವನು. ಮಧ್ಯಾಹ್ನದ ಪಾತ್ರೆಗಳನ್ನೆಲ್ಲ ಕವುಚಿಟ್ಟ ಮೇಲೆ ಹರಳೆಣ್ಣೆ ಬೆಚ್ಚಗೆ ಮಾಡಿ, ಹೆಂಡತಿಯ ಒಂದೊಂದೇ ಬೆರಳನ್ನು ನೀವುವನು.

"ಸಾಕು ಮಾಡೇ," ಎನ್ನುವನು. "ಇಷ್ಟು ನೋವು ತಿನ್ಕೊಂಡು ಯಾಕೆ ನುಡಿಸ್ಬೇಕು?"

"ನುಡಿಸಿದ್ರೂ ನೋಯ್ತದೆ, ನುಡಿಸ್ದಿದ್ರೂ ನೋಯ್ತದೆ. ನುಡಿಸಿದ್ರೆ ನೋವಿನ ಜೊತೆ ಒಂದು ಹಾಡಾದ್ರೂ ಇರ್ತದಲ್ಲ," ಎನ್ನುವಳು ಸಿದ್ದಾಜಮ್ಮ.

ಮೊದಲಿನ ಓಟ ಈಗ ಇರಲಿಲ್ಲ. ಹತ್ತು ಸ್ವರವಿದ್ದ ಕಡೆ ನಾಲ್ಕು ನುಡಿಸುವಳು. ಮಿಕ್ಕದ್ದನ್ನು ಕೇಳುವವರು ಮನಸ್ಸಿನಲ್ಲೇ ತುಂಬಿಕೊಳ್ಳುವರು. ಸಂಜೆಯ ಹೊತ್ತಿಗೆ ಬೆರಳು ಒಂದಿಷ್ಟು ಸಡಿಲವಾಗುತ್ತಿದ್ದರಿಂದ ಹೇಗೋ ನಡೆಯುತ್ತಿತ್ತು.

ನಡೆಯುವುದನ್ನು ನಡೆಯಲು ಬಿಡದವನು ಒಬ್ಬ ಎಲ್ಲ ಕಡೆ ಇರುತ್ತಾನಲ್ಲ! ಇಲ್ಲಿದ್ದವನು ಕೆಂಚರಾಯ, ಅರಮನೆಯ ಪಾರುಪತ್ತೆಗಾರ. ಬೀಗದ ಕೈಗಳೆಲ್ಲ ಅವನ ಸೊಂಟದಲ್ಲಿ. ಅವನಿಗೊಬ್ಬ ಅಳಿಯ. ಅಳಿಯನಿಗೆ ಕೆಲಸವೂ ಇಲ್ಲ, ಕೆಲಸದ ಆಸೆಯೂ ಇಲ್ಲ. ಕಿನ್ನರಿ ಕೊಡಿಸಿದರೆ ಅರಮನೆಯ ಊಟವಾದರೂ ಗಟ್ಟಿಯಾಗುತ್ತದೆ ಎಂದು ಮಾವ ಯೋಚಿಸಿದ.

"ಮಹಾಸ್ವಾಮಿ, ಅರಮನೆ ವಾದ್ಯ ಸೊಟ್ಟ ಕೈಯಲ್ಲಿ ಹಾಳಾಗ್ತಾ ಇದೆ," ಎಂದ ರಾಜನಿಗೆ. "ಮೂರು ದಿನ ಮುಂಜಾನೆ ನುಡಿಸಿ ತೋರಿಸ್ಲಿ. ಒಂದು ದಿನ ತಪ್ಪಿದ್ರೂ ಕಿನ್ನರಿ ನನ್ನ ಅಳಿಯನಿಗೆ."

"ಮುಂಜಾನೆಯೇ ಯಾಕೆ?"

"ಸಂಜೆ ಯಾರು ಬೇಕಾದ್ರೂ ನುಡಿಸ್ತಾರೆ ಮಹಾಸ್ವಾಮಿ."

ಕೊನೆಯ ಮಾತು ಕೆಂಚರಾಯನದು. ರಾಜ ಹೂಂ ಎಂದುಬಿಟ್ಟ.

ಮುಂಜಾನೆ ಆ ಬೆರಳುಗಳು ಬಿಚ್ಚುವುದಿಲ್ಲ ಎಂದು ಕೆಂಚರಾಯನಿಗೆ ಚೆನ್ನಾಗಿ ಗೊತ್ತಿತ್ತು. ಸುದ್ದಿ ಕೇಳಿ ಸಿದ್ದಾಜಮ್ಮ ಕಿನ್ನರಿಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. "ಇದೂ ಹೋದ್ರೆ ಈ ಕೈಗೆ ಉಳಿಯೋದು ನೋವೊಂದೇ," ಎಂದಳು.

"ಅಳಬೇಡ ಕಣೇ. ಒಲೆ ಇನ್ನೂ ನನ್ನ ಕೈಲೇ ಇದೆ," ಎಂದ ಚನ್ನಿಗಪ್ಪ.

ಮೊದಲ ದಿನ. ಬೆಳಕು ಹರಿಯುವ ಮುಂಚೆಯೇ ಚನ್ನಿಗಪ್ಪ ರಾಗಿಮುದ್ದೆ ತೊಳಸಿ, ಬಿಸಿಬಿಸಿಯಾಗಿ ಬಾಳೆಲೆಯಲ್ಲಿ ಸುತ್ತಿ, ಹೆಂಡತಿಯ ಸೆರಗಿನೊಳಗೆ ಇಟ್ಟ. ಸಿದ್ದಾಜಮ್ಮ ಅದನ್ನು ಅದುಮಿ ಹಿಡಿದು ಕೂತಳು. ಬೆರಳು ಮೆಲ್ಲಗೆ ಬಿಚ್ಚಿದವು. ರಾಜನೂ ಊರವರೂ ನೆರೆದಿದ್ದ ಹಜಾರದಲ್ಲಿ ಕೈ ಜೋಡಿಸಿ ಅಪ್ಪಣೆ ಕೇಳಿ ನುಡಿಸಿದಳು. ಆಮೇಲೆ ಬೆರಳಿನ ಗುರುತು ಮೂಡಿದ್ದ ಆ ಮುದ್ದೆಯನ್ನು ಗಂಡ ಹೆಂಡತಿ ಹಂಚಿಕೊಂಡು ಉಂಡರು. ಕೆಂಚರಾಯ ಅದನ್ನು ನೋಡಿ ಸಾರಿದ: "ನಾಳೆಯಿಂದ ಹಜಾರಕ್ಕೆ ಊಟ ತರೋ ಹಾಗಿಲ್ಲ!"

ಎರಡನೆಯ ದಿನ. ಚನ್ನಿಗಪ್ಪನ ಅಡುಗೆಮನೆಯ ಹಿತ್ತಿಲಲ್ಲಿ ಕಾವಿಗೆ ಕೂರುತ್ತೇನೆಂದು ಹಟ ಹಿಡಿದ ಒಂದು ಕೋಳಿ ಇತ್ತು. ಮೊಟ್ಟೆ ಇಲ್ಲದಿದ್ದರೂ ಮೈಯೆಲ್ಲ ಬೆಚ್ಚಗೆ. ಅದನ್ನೇ ತಂದು ಮಡಿಲಲ್ಲಿ ಕೂರಿಸಿದ. ಸಿದ್ದಾಜಮ್ಮ ಅದರ ರೆಕ್ಕೆಯಡಿ ಕೈ ಹುದುಗಿಸಿದಳು. ಬೆರಳು ಬಿಚ್ಚಿದವು. ಅಪ್ಪಣೆ ಕೇಳಿ ನುಡಿಸಿದಳು. ಕೋಳಿ ತಾಳಕ್ಕೆ ಸರಿಯಾಗಿ ತಲೆ ತೂಗಿತು ಎಂದು ಕೆಲವರು ಹೇಳುತ್ತಾರೆ. ತೂಕಡಿಸಿದ್ದೂ ಇರಬಹುದು, ನಾನು ನೋಡಿಲ್ಲ. ಕೆಂಚರಾಯ ಹಲ್ಲು ಕಡಿದ. "ನಾಳೆಯಿಂದ ಹಜಾರಕ್ಕೆ ಪ್ರಾಣಿ ಪಕ್ಷಿ ಇಲ್ಲ! ಬೆಂಕಿ ಅಂತೂ ಇಲ್ಲವೇ ಇಲ್ಲ! ವಾದ್ಯ ಮುಟ್ಟೋ ಮುಂಚೆ ಕೈ ತೊಳೀಬೇಕು!"

ಮೂರನೆಯ ದಿನ. ಕೆಂಚರಾಯ ಹಜಾರದ ಕಿಟಕಿಗಳನ್ನೆಲ್ಲ ತೆರೆಸಿಟ್ಟಿದ್ದ. ಬಯಲಲ್ಲಿ ಇಬ್ಬನಿಗೆ ಇಟ್ಟಿದ್ದ ಕೊಡದ ನೀರನ್ನು ಸಿದ್ದಾಜಮ್ಮನ ಕೈ ಮೇಲೆ ಸುರಿಸಿದ. ಬೆರಳುಗಳು ಕಟ್ಟಿಗೆಯಾದವು. ನೋವು ಮೊಣಕೈವರೆಗೂ ಏರಿತು. ಬಾಗಿಲಲ್ಲಿ ನಿಂತ ಚನ್ನಿಗಪ್ಪನ ಕಣ್ಣು ತುಂಬಿತು. ಅವನ ಒಲೆ ಇಲ್ಲಿಗೆ ಬರುವ ಹಾಗಿರಲಿಲ್ಲ.

ಕೆಂಚರಾಯ ದಪ್ಪ ಶಾಲು ಹೊದ್ದು, ಎರಡೂ ಕೈ ಅದರೊಳಗೆ ಹುದುಗಿಸಿಕೊಂಡು ನಿಂತಿದ್ದ. "ಹೂಂ, ನುಡಿಸು," ಎಂದ.

ಸಿದ್ದಾಜಮ್ಮ ಕೈ ಜೋಡಿಸಲು ನೋಡಿದಳು. ಬೆರಳು ಸೊಟ್ಟಗೆ ನಿಂತವು, ಅಂಗೈ ಅಂಗೈ ಸೇರಲಿಲ್ಲ. ಮತ್ತೊಮ್ಮೆ ನೋಡಿದಳು. ಆಗಲಿಲ್ಲ. ಮೆಲ್ಲಗೆ ಎದ್ದು ನಿಂತಳು.

"ಮಹಾಸ್ವಾಮಿ, ಅಪ್ಪಣೆ ಕೇಳ್ದೆ ನಾನು ನುಡಿಸಾಕಿಲ್ಲ. ಇವತ್ತು ಕೈ ಜೋಡಿಸಕ್ಕಾಗ್ತಿಲ್ಲ. ಒಬ್ಬೊಬ್ಬರ ಕೈ ಹಿಡಿದೇ ಕೇಳ್ತೀನಿ."

"ಹೂಂ," ಎಂದ ರಾಜ.

ಮೊದಲು ರಾಜನ ಹತ್ತಿರವೇ ಹೋದಳು. ಅವನು ಕೈ ಹಿಡಿದು ಬೆಚ್ಚಿಬಿದ್ದ. "ಅಯ್ಯೋ ತಾಯಿ, ಇಷ್ಟು ತಣ್ಣಗಾ!" ಎಂದು ಎರಡೂ ಅಂಗೈಗಳ ನಡುವೆ ಇಟ್ಟು ಉಜ್ಜಿ, "ಅಪ್ಪಣೆ," ಎಂದ. ಆಮೇಲೆ ಕಮ್ಮಾರ. ಆಗಷ್ಟೇ ಕುಲುಮೆಯಿಂದ ಎದ್ದು ಬಂದ ಕೈ. ಆಮೇಲೆ ಹಾಲು ಕರೆದು ಬಂದ ಹೆಂಗಸು. ಒಬ್ಬಳು ಮುದುಕಿ ಬಾಯಿಯಿಂದ ಊದಿ ಊದಿ ಬೆಚ್ಚಗೆ ಮಾಡಿದಳು. ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿದವನು ಚನ್ನಿಗಪ್ಪ. ಹಿಡಿಯುತ್ತ ಹೋದ ಹಾಗೆ ಬೆರಳು ಒಂದೊಂದಾಗಿ ಸಡಿಲಾದವು.

"ಮೋಸ ಮಹಾಸ್ವಾಮಿ!" ಕೆಂಚರಾಯ ಕೂಗಿದ. "ಕೈ ಕಾಯಿಸ್ಕೊಳ್ತಾ ಇದ್ದಾಳೆ!"

"ಊಟ ಬೇಡ ಅಂದ್ರಿ, ಕೋಳಿ ಬೇಡ ಅಂದ್ರಿ, ಬೆಂಕಿ ಬೇಡ ಅಂದ್ರಿ," ಎಂದಳು ಸಿದ್ದಾಜಮ್ಮ. "ಮನುಷ್ಯರು ಬೇಡ ಅನ್ನಲಿಲ್ಲವಲ್ಲ ಧಣಿ?"

ಕೊನೆಯ ಮಾತು ಅವಳದು. "ಹೂಂ," ಎಂದ ರಾಜ.

"ಉಳಿದವರು ನೀವೊಬ್ಬರೇ. ನಿಮ್ಮ ಕೈ ಕೊಡಿ."

ಕೆಂಚರಾಯ ಹಿಂದೆ ಸರಿದ. ಇಡೀ ಊರು ನೋಡುತ್ತಿತ್ತು. ಕೊಡದೆ ವಿಧಿಯಿಲ್ಲ. ಶಾಲಿನಿಂದ ಒಂದು ಕೈ ತೆಗೆದ. "ಎರಡೂ," ಎಂದಳು. ಇನ್ನೊಂದನ್ನು ತೆಗೆಯುವಾಗ ಶಾಲಿನೊಳಗಿಂದ ಒಂದು ಕುಡಿಕೆ ಜಾರಿ ಬಿದ್ದು ಒಡೆಯಿತು. ಹಜಾರದ ನೆಲದ ಮೇಲೆಲ್ಲ ಕೆಂಡ!

ಸಿದ್ದಾಜಮ್ಮ ಮಾತ್ರ ಹಿಡಿದ ಕೈ ಬಿಡಲಿಲ್ಲ. ಊರಿನಲ್ಲೆಲ್ಲ ಬಿಸಿಯಾದ ಕೈ ಅದೇ ಆಗಿತ್ತು. ಹಟ ಹಿಡಿದಿದ್ದ ಅವಳ ಹೆಬ್ಬೆರಳೂ ಬಿಚ್ಚಿಕೊಂಡಿತು. ಬೆರಳು ಸವರುತ್ತ ಅವಳು ಅವನ ಮುಖ ನೋಡಿದಳು. ಅವನ ಗೆಣ್ಣುಗಳೂ ಊದಿದ್ದವು.

"ನಿಮಗೂ ಶುರುವಾಗಿದೆಯಲ್ಲಪ್ಪ," ಎಂದಳು ಮೆಲ್ಲಗೆ. "ಹೇಳಬಾರದಿತ್ತಾ? ಎಣ್ಣೆ ಕೊಡ್ತಿದ್ದೆ."

"ಅಪ್ಪಣೆ," ಎಂದಷ್ಟೇ ಅಂದ ಕೆಂಚರಾಯ, ಅದೂ ತಲೆ ತಗ್ಗಿಸಿ.

ಸಿದ್ದಾಜಮ್ಮ ಕೂತಳು. ಕಿನ್ನರಿಯನ್ನು ಎದೆಗೆ ಒರಗಿಸಿಕೊಂಡಳು. ಅವತ್ತೂ ಹತ್ತರಲ್ಲಿ ನಾಲ್ಕೇ ಸ್ವರ. ಒಂದೆರಡು ಕಡೆ ಬೆರಳು ಜಾರಿತು, ನೋವಿಗೆ ತುಟಿ ಕಚ್ಚಿದಳು. ಆದರೆ ಆ ನಾಲ್ಕು ಸ್ವರಕ್ಕೆ ಎಲ್ಲರ ಮನಸ್ಸೂ ಕರಗಿತು. ಹಜಾರದಲ್ಲಿ ಕೂತವರಿಗೆಲ್ಲ ತಮ್ಮ ಕೈಯೇ ನುಡಿಸುತ್ತಿದೆ ಅನ್ನಿಸಿತು.

ನುಡಿಸಿ ಮುಗಿದ ಮೇಲೆ ಸೇನಾಪತಿ ಏನೋ ಹೇಳಲು ಬಾಯಿ ತೆರೆದ. ರಾಜ ಕೈ ಎತ್ತಿ ತಡೆದ. "ಇವತ್ತು ಕೊನೆಯ ಮಾತು ನನ್ನದು. ಅಮ್ಮನಿಗೆ ಸಾಕು ಅನ್ನಿಸೋ ತನಕ ಕಿನ್ನರಿ ಅಮ್ಮನದೇ. ಸಾಕೋ ಬೇಕೋ ಅವರೇ ಹೇಳಬೇಕು, ಬೇರೆ ಯಾರೂ ಹೇಳೋ ಹಾಗಿಲ್ಲ. ಕೆಂಚರಾಯ, ದಿನಾ ಅವರು ನುಡಿಸೋ ಮುಂಚೆ ಕೆಂಡದ ಕುಡಿಕೆ ತಂದಿಡೋದು ನಿನ್ನ ಕೆಲಸ."

ತಂದಿಟ್ಟ. ಮೊದಮೊದಲು ಮುಖ ಗಂಟು ಹಾಕಿಕೊಂಡು ತಂದಿಟ್ಟು ಹೋಗುತ್ತಿದ್ದ. ಆಮೇಲೆ ಅಲ್ಲೇ ಕೂತು ತಾನೂ ಕೈ ಕಾಯಿಸಿಕೊಳ್ಳತೊಡಗಿದ. ಕೊನೆಗೆ ಚನ್ನಿಗಪ್ಪ ಮಧ್ಯಾಹ್ನ ಎಣ್ಣೆ ಕಾಯಿಸುವಾಗ ಇಬ್ಬರಿಗಾಗುವಷ್ಟು ಕಾಯಿಸಬೇಕಾಯಿತು. ಅಳಿಯ ಏನಾದ ಎಂದು ಕೇಳುತ್ತೀರಾ? ಅವನು ಆ ಮೂರೂ ದಿನ ಕಂಬಳಿಯೊಳಗಿಂದ ಎದ್ದೇ ಇರಲಿಲ್ಲ.

ನೋಯುವ ಕೈ ದುಡಿಯುತ್ತೇನೆ, ಹಾಡುತ್ತೇನೆ ಎಂದರೆ ಅದನ್ನು ತಡೆಯಬಾರದು, ಹಿಡಿದು ಬೆಚ್ಚಗೆ ಮಾಡಬೇಕು. ಇನ್ನೊಬ್ಬರಿಗೆ ಬೆಂಕಿ ಬೇಡ ಎಂದು ತಾನು ಕೆಂಡ ಬಚ್ಚಿಟ್ಟುಕೊಂಡವನ ಗುಟ್ಟು ಒಂದು ದಿನ ಜಾರಿ ಬಿದ್ದೇ ಬೀಳುತ್ತದೆ. ಇದೇ ಈ ಕಥೆಯ ನೀತಿ.

ಎಲ್ಲಿ ಮಕ್ಕಳೇ, ಈಗ ಪಕ್ಕದಲ್ಲಿ ಕೂತಿರುವ ಅಜ್ಜಿಯ ಕೈ ಮುಟ್ಟಿ ನೋಡಿ. ತಣ್ಣಗಿದ್ದರೆ ಸ್ವಲ್ಪ ಹೊತ್ತು ಬಿಡಬೇಡಿ.